ಪ್ರಾಂಶುಪಾಲರ ಭಾಷಣದಲ್ಲಿ ಇಲ್ಲದ ಗುಮಾಸ್ತರು

(ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.)

ಆಪ್ತಸಲಹೆಗೆಂದು ನನ್ನಲ್ಲಿಗೆ ಬಂದವರು ತಾಲ್ಲೂಕು ಕೇಂದ್ರವೊಂದರ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನ ಪ್ರಾಂಶುಪಾಲರು, ಐವತ್ತು ದಾಟಿದ ಮಹಿಳೆ. ರಾತ್ರಿ ಎರಡಕ್ಕೆ ಎಚ್ಚರವಾದರೆ ಮತ್ತೆ ನಿದ್ದೆ ಹತ್ತುವುದಿಲ್ಲ, ಬಿಪಿ ಏರಿದೆ, ಸಣ್ಣದಕ್ಕೂ ರೇಗುತ್ತಾರೆ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುವುದಿದೆ, ಅತಿಥಿ ಉಪನ್ಯಾಸಕರು ಸಾಲುತ್ತಿಲ್ಲ ಎಂಬ ಮಾತೆಲ್ಲ ಮೊದಲ ಭೇಟಿಯಲ್ಲೇ ಮುಗಿಯಿತು. ಆ ತಲೆನೋವು ಯಾವ ಪ್ರಾಂಶುಪಾಲರಿಗೆ ಇಲ್ಲ?

ಮುಂದಿನ ಭೇಟಿಯಲ್ಲಿ, ಈ ಕುರ್ಚಿಯವರೆಗೆ ಹೇಗೆ ಬಂದಿರಿ ಎಂದು ಕೇಳಿದೆ. ಬೀಡಿ ಕಟ್ಟುತ್ತಿದ್ದ ತಾಯಿ, ಬಸ್ಸಿಲ್ಲದ ಊರು, ಸರ್ಕಾರಿ ಹಾಸ್ಟೆಲ್ಲಿನ ನೀರು ಸಾರು, ಒಗೆದು ಒಗೆದು ಉಟ್ಟ ಎರಡು ಜೊತೆ ಬಟ್ಟೆ. ತಡವರಿಸದೆ ಹೇಳಿದರು. ಎಲ್ಲಿ ನಿಲ್ಲಿಸಬೇಕು, ಎಲ್ಲಿ ನಗಿಸಬೇಕು ಎಂದು ಪಳಗಿದ ಮಾತು. ಸಮಾರಂಭಗಳಲ್ಲಿ ಇದನ್ನೇ ಹೇಳುತ್ತಾರಂತೆ, ಜೊತೆಗೆ ಎಚ್. ನರಸಿಂಹಯ್ಯನವರ ಉದಾಹರಣೆ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಹುಡುಗ ಓದಲೆಂದು ಬೆಂಗಳೂರಿಗೆ ನಡೆದೇ ಬಂದದ್ದು, ಮುಂದೆ ನ್ಯಾಷನಲ್ ಕಾಲೇಜಿನ ಪ್ರಾಂಶುಪಾಲರಾಗಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿ, ಕೊನೆಯವರೆಗೂ ಹಾಸ್ಟೆಲ್ ಕೋಣೆಯಲ್ಲೇ ಬದುಕಿದ್ದು. "ಅವರ ಕಾಲಧೂಳಿಗೂ ನಾವು ಸಮ ಅಲ್ಲ ಮೇಡಂ" ಎಂದರು.

ನಿಜವಾದ ವಿಷಯ ಆಮೇಲೆ ಬಂತು. ಹಾಜರಾತಿ ಶೇ. 75ಕ್ಕಿಂತ ಕಡಿಮೆ ಇದ್ದ ಬಿ.ಎ. ಹುಡುಗಿಯೊಬ್ಬಳು ಅರ್ಜಿ ಹಿಡಿದು ಚೇಂಬರಿಗೆ ಬಂದಿದ್ದಳು. ಇವರು ಅರ್ಜಿ ಓದಲಿಲ್ಲ. ಸಿಬ್ಬಂದಿಯ ಎದುರೇ, "ನಾನು ಮಳೇಲಿ ನಡ್ಕೊಂಡು ಹೋಗಿ ಓದಿದೀನಿ. ನಿಂಗೆ ಬಸ್ ಪಾಸ್ ಇದೆ, ಸ್ಕಾಲರ್‌ಶಿಪ್ ಇದೆ, ಇನ್ನೇನು ದಾಡಿ?" ಎಂದುಬಿಟ್ಟರು. ಹುಡುಗಿ ಮತ್ತೆ ಕಾಲೇಜಿಗೆ ಬರಲಿಲ್ಲ. ವಾರಕ್ಕೆ ಎರಡು ದಿನ ತಾಯಿಯನ್ನು ತಾಲ್ಲೂಕು ಆಸ್ಪತ್ರೆಗೆ ಡಯಾಲಿಸಿಸ್‌ಗೆ ಕರೆದೊಯ್ಯುತ್ತಿದ್ದಳಂತೆ. ಅರ್ಜಿಯಲ್ಲಿ ಅದೇ ಬರೆದಿತ್ತು.

ಬೈದದ್ದಕ್ಕೆ ಪಶ್ಚಾತ್ತಾಪ ಸಹಜ, ಅದನ್ನು ನಾನು ಹೆಚ್ಚು ಕೆದಕಲಿಲ್ಲ. ನನಗೆ ಕಂಡದ್ದು ಬೇರೆ. "ನಿಮ್ಮ ಕತೆಯಲ್ಲಿ ನೀವೊಬ್ಬರೇ ಇದ್ದೀರಲ್ಲ, ಕೈ ಹಿಡಿದವರು ಯಾರೂ ಇರಲಿಲ್ವಾ?" ಎಂದೆ. ಸುಮ್ಮನಾದರು. ಕಡೆಗೆ, ಪರೀಕ್ಷೆ ಫೀಸಿನ ಕೊನೆಯ ದಿನ ಕಾಲೇಜು ಆಫೀಸಿನ ಗುಮಾಸ್ತರೊಬ್ಬರು ತಮ್ಮ ಜೇಬಿನಿಂದ ದುಡ್ಡು ತೆಗೆದು ಕಟ್ಟಿದ್ದನ್ನು ಹೇಳಿದರು. ರಸೀದಿಯನ್ನು ಇವರ ಕೈಗಿಟ್ಟು, "ಹೋಗಿ ಓದ್ಕೋ ತಾಯಿ" ಎಂದಿದ್ದರಂತೆ. ಆ ದುಡ್ಡು ವಾಪಸು ಕೊಡುವ ಮೊದಲೇ ಅವರಿಗೆ ವರ್ಗವಾಯಿತು. ಆ ಗುಮಾಸ್ತರನ್ನು ಇವರು ಯಾವ ಭಾಷಣದಲ್ಲೂ ನೆನೆದಿರಲಿಲ್ಲ. ನರಸಿಂಹಯ್ಯನವರ ಕತೆಯೂ ಹಾಗೆಯೇ ಆಗಿತ್ತು. ಅವರು ಸುಮ್ಮನೆ ಬೆಂಗಳೂರಿಗೆ ಹೊರಟವರಲ್ಲ. ಪಾಠ ಹೇಳಿದ್ದ ಮೇಷ್ಟ್ರನ್ನು ನಂಬಿ ಹೊರಟವರು. ಇವರ ಭಾಷಣದಲ್ಲಿ ನಡಿಗೆ ಉಳಿದು ಮೇಷ್ಟ್ರು ಬಿಟ್ಟುಹೋಗಿದ್ದರು. ಒಬ್ಬಂಟಿಯಾಗಿ ಗೆದ್ದೆ ಎಂದು ನಂಬಿದವರಿಗೆ, ನೆರವು ಕೇಳಿ ಬಂದವರು ಸೋಮಾರಿಗಳಂತೆ ಕಾಣುವುದು ಸುಲಭ.

ಸಲಹೆ ಹೀಗಿತ್ತು. ಕತೆ ಹೇಳುವುದನ್ನು ನಿಲ್ಲಿಸಬೇಡಿ, ಗುಮಾಸ್ತರನ್ನೂ ಸೇರಿಸಿ ಹೇಳಿ. ಆದರೆ ಅದು ವೇದಿಕೆಗಿರಲಿ. ಚೇಂಬರಿನಲ್ಲಿ ಮಕ್ಕಳು ಎದುರಿಗಿದ್ದಾಗ ಬೇಡ. ಅಲ್ಲಿ ಮೊದಲು ಅರ್ಜಿ ಓದಿ, ಕೂರಲು ಹೇಳಿ, ಬೇರೆಯವರನ್ನು ಹೊರಗೆ ಕಳಿಸಿ. ಹುಡುಗಿಯ ಮನೆಗೆ ಸಿಬ್ಬಂದಿ ಕಟ್ಟಿಕೊಂಡು ಹೋಗಬೇಡಿ, ಓಣಿಯವರ ಮುಂದೆ ಅವಳಿಗೆ ಇನ್ನೊಮ್ಮೆ ಅವಮಾನ. ನೀವೇ ಫೋನ್ ಮಾಡಿ, "ಅವತ್ತು ನಿನ್ನ ಮಾತು ಕೇಳಲಿಲ್ಲ, ತಪ್ಪು ನಂದು" ಎನ್ನಿ. ನಿಮ್ಮ ಕಷ್ಟ, ನ್ಯಾಕ್ ಒತ್ತಡ ಯಾವುದನ್ನೂ ಜೋಡಿಸಬೇಡಿ. ಮರುಪ್ರವೇಶ ಆಗದಿದ್ದರೆ ಮುಕ್ತ ವಿಶ್ವವಿದ್ಯಾಲಯದ ದಾರಿ ತಿಳಿಸಿ, ಆಯ್ಕೆ ಅವಳಿಗೆ ಬಿಡಿ. ಅವಳು ಕ್ಷಮಿಸದೆಯೂ ಇರಬಹುದು ಎಂದೂ ಹೇಳಿದೆ. ಬಿಪಿಗೆ ವೈದ್ಯರಲ್ಲಿಗೆ ಕಳಿಸಿದೆ, ಅದು ಮಾತಿನಿಂದ ಇಳಿಯುವಂಥದ್ದಲ್ಲ.

ಫೋನ್ ಮಾಡಲು ಅವರಿಗೆ ಬಹಳ ದಿನ ಹಿಡಿಯಿತು. ಮೊದಲು ತಾಯಿ ಎತ್ತಿದರಂತೆ, ಆಮೇಲೆ ಹುಡುಗಿ. ಹೆಚ್ಚು ಮಾತಾಡಲಿಲ್ಲ, ಮೈಸೂರಿನ ಮುಕ್ತ ವಿಶ್ವವಿದ್ಯಾಲಯದ ಅರ್ಜಿಗೆ ಏನೇನು ದಾಖಲೆ ಬೇಕು ಎಂದಷ್ಟೇ ಕೇಳಿದಳು. ಇವರು ಟಿ.ಸಿ., ಅಂಕಪಟ್ಟಿ ಸಿದ್ಧ ಮಾಡಿಸಿ ಇಟ್ಟಿದ್ದಾರೆ. ಒಯ್ಯಲು ಅವಳಿನ್ನೂ ಬಂದಿಲ್ಲ. ಇವರು ನನ್ನಲ್ಲಿಗೆ ಬರುವುದನ್ನು ಮುಂದುವರಿಸಿದ್ದಾರೆ.