ಸರ್ಟಿಫಿಕೇಟ್ ಸಾಲದು, ಮದುವೆ ಪುಸ್ತಕದ ಆ ಸಾಲನ್ನೇ ನೋಡಿ

ನಮಸ್ಕಾರ. ಅಜ್ಜ-ಅಜ್ಜಿಯ ಮದುವೆ 1931ರಲ್ಲಿ ಬಂಟ್ವಾಳ ಕಡೆಯ ಒಂದು ಇಗರ್ಜಿಯಲ್ಲಿ (ಚರ್ಚಿನಲ್ಲಿ) ಆಗಿದೆ, ಅಲ್ಲಿಂದ ಸರ್ಟಿಫಿಕೇಟೂ ತಂದಾಯ್ತು, ಆದರೆ ಅದರಲ್ಲಿ ಇಬ್ಬರ ಹೆಸರು, ತಾರೀಖು, ಪಾದ್ರಿಯ ಸಹಿ ಬಿಟ್ಟರೆ ಬೇರೇನೂ ಇಲ್ಲ, ಅಜ್ಜಿಯ ತವರು ಹುಡುಕುವುದು ಹೇಗೆ ಅಂತ ಕೇಳಿದ್ದೀರಿ. ನಾನೂ ಇದೇ ಜಾಗದಲ್ಲಿ ಸಿಕ್ಕಿಹಾಕಿಕೊಂಡಿದ್ದೆ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ.

ನಿಮ್ಮ ಕೈಯಲ್ಲಿರುವುದು ಹಳೇ ಪುಸ್ತಕದಿಂದ ಈಗಿನ ಫಾರ್ಮಿಗೆ ಇಳಿಸಿದ ನಕಲು. ಪಾಸ್‌ಪೋರ್ಟಿಗೆ, ಬ್ಯಾಂಕಿಗೆ ಅದು ಸಾಕು. ನಮ್ಮ ಕೆಲಸಕ್ಕೆ ಸಾಲದು. ಫಾರ್ಮಿನಲ್ಲಿ ಕಾಲಂ ಇಲ್ಲದ್ದನ್ನು ಯಾರೂ ಇಳಿಸುವುದಿಲ್ಲ. ಇಳಿಸುವಾಗ ತಪ್ಪೂ ಆಗುತ್ತದೆ. ನನ್ನ ಮುತ್ತಜ್ಜನ ಮದುವೆ ಸರ್ಟಿಫಿಕೇಟಿನಲ್ಲಿ ಹುಡುಗಿಯ ಊರು ‘ಡೊ’ ಅಂತ ಟೈಪಾಗಿತ್ತು. ಡೊ! ಎರಡು ವಾರ ಮ್ಯಾಪ್ ನೋಡಿದ್ದೇ ನೋಡಿದ್ದು. ಮನೆಯ ಹಿರಿಯರನ್ನೆಲ್ಲ ಕೇಳಿದೆ, ಯಾರಿಗೂ ಗೊತ್ತಿಲ್ಲ. ಕೊನೆಗೆ ಹೋಗಿ ಪುಸ್ತಕ ತೆಗೆಸಿದರೆ, ‘ಮೇಲಿನಂತೆಯೇ’ ಅನ್ನುವುದಕ್ಕೆ ಡಿಟ್ಟೊ ಅಂತ ಪೂರ್ತಿ ಬರೆಯದೆ ಇಂಗ್ಲಿಷಿನ ಡಿ, ಓ ಎರಡೇ ಅಕ್ಷರ ಗೀಚಿದ್ದಾರೆ. ಮೇಲಿನ ಸಾಲಿನಲ್ಲೂ ಡೊ. ಅದರ ಮೇಲೂ ಡೊ. ಬೆರಳಿಟ್ಟುಕೊಂಡು ಆರು ಸಾಲು ಮೇಲೆ ಹೋದಾಗ ಊರಿನ ಹೆಸರು ಸಿಕ್ಕಿತು.

ಹಾಗಾಗಿ ಇನ್ನೊಮ್ಮೆ ಹೋಗಿ. ಸರ್ಟಿಫಿಕೇಟ್ ಕೇಳಬೇಡಿ, ಆ ಪುಟ ನೋಡಲು ಬಿಡಿ ಅಂತ ಕೇಳಿ. ತಂದೆ-ತಾಯಿಯ ಹೆಸರು, ಯಾವ ಊರು ಅಥವಾ ಯಾವ ಫಿರ್ಗಜ್ (ಒಂದು ಇಗರ್ಜಿಗೆ ಸೇರಿದ ಪ್ರದೇಶ) ಅನ್ನುವುದು, ವಯಸ್ಸು, ಸಾಕ್ಷಿಗಳು ಇಷ್ಟನ್ನೂ ಇದ್ದ ಹಾಗೇ ಬರೆದುಕೊಳ್ಳಿ. ಸಾಕ್ಷಿಗಳನ್ನು ಬಿಡಬೇಡಿ. ಎಷ್ಟೋ ಸಲ ಅವರು ಹುಡುಗಿಯ ಅಣ್ಣನೋ ಮಾವನೋ ಆಗಿರುತ್ತಾರೆ. ಮದುವೆಗೆ ಮುಂಚೆ ಮೂರು ಭಾನುವಾರ ಇಗರ್ಜಿಯಲ್ಲಿ ಹೆಸರು ಓದುತ್ತಾರಲ್ಲ, ಇಬ್ಬರೂ ಬೇರೆ ಬೇರೆ ಫಿರ್ಗಜಿನವರಾದರೆ ಎರಡೂ ಕಡೆ ಓದಬೇಕಿತ್ತು. ಅದರ ಟಿಪ್ಪಣಿ ಇದ್ದರೆ ತವರು ಅಲ್ಲೇ ಸಿಕ್ಕಿಬಿಡುತ್ತದೆ.

ಸಾಲಿನ ಪಕ್ಕದ ಖಾಲಿ ಅಂಚನ್ನೂ ನೋಡಿ. ನನಗಂತೂ ಇಡೀ ಪುಸ್ತಕದಲ್ಲಿ ಇಷ್ಟವಾದ ಜಾಗ ಅದೇ. ಹುಡುಗ-ಹುಡುಗಿ ಸಂಬಂಧಿಕರಾಗಿದ್ದರೆ ಮದುವೆಗೆ ವಿನಾಯಿತಿ ಬೇಕಿತ್ತು, ಅದನ್ನು ಲ್ಯಾಟಿನ್‌ನಲ್ಲಿ ಚಿಕ್ಕದಾಗಿ ಬರೆದಿಡುತ್ತಿದ್ದರು. ‘ಡಿಸ್ಪ್’ ಅಂತ ಶುರುವಾಗಿ ಪಕ್ಕದಲ್ಲಿ 2, 3 ಅಥವಾ 4 ಇದ್ದರೆ ಅದೇ. ಲೆಕ್ಕ ಹೀಗೆ: ಅಣ್ಣ-ತಂಗಿ ಒಂದನೇ ಮೆಟ್ಟಿಲು, ಅವರ ಮಕ್ಕಳು ಎರಡನೆಯದು, ಮೊಮ್ಮಕ್ಕಳು ಮೂರನೆಯದು, ಮರಿಮಕ್ಕಳು ನಾಲ್ಕನೆಯದು. ಅಂದರೆ 3 ಅಂತ ಇದ್ದರೆ ಇಬ್ಬರಿಗೂ ಒಬ್ಬನೇ ಮುತ್ತಜ್ಜ ಅಥವಾ ಒಬ್ಬಳೇ ಮುತ್ತಜ್ಜಿ. ಒಂದು ಅಂಕೆಯಿಂದ ಎರಡು ವಂಶವೃಕ್ಷ ಒಂದಾಗುತ್ತವೆ! 1918ರಲ್ಲಿ ಹೊಸ ಚರ್ಚ್ ಕಾನೂನು ಬಂದ ಮೇಲೆ ನಾಲ್ಕನೇ ಮೆಟ್ಟಿಲಿಗೆ ವಿನಾಯಿತಿ ಬೇಕಾಗಲಿಲ್ಲ. ಹಾಗಾಗಿ 1931ರ ನಿಮ್ಮ ಸಾಲಿನ ಅಂಚು ಖಾಲಿ ಇದ್ದರೆ ದೂರದ ಸಂಬಂಧವೂ ಇರಲಿಲ್ಲ ಅಂತ ತೀರ್ಮಾನಿಸಬೇಡಿ.

ಊರು ಸಿಕ್ಕಿದ ಮೇಲೆ ಅಲ್ಲಿನ ಜ್ಞಾನಸ್ನಾನದ (ಬ್ಯಾಪ್ಟಿಸಂ) ಪುಸ್ತಕಕ್ಕೆ ಹೋಗಿ. ಅಲ್ಲಿ ಅಜ್ಜಿಯ ಹೆಸರಿನ ನಾಲ್ಕೈದು ಹುಡುಗಿಯರು ಇದ್ದೇ ಇರುತ್ತಾರೆ, ಅದರಲ್ಲೂ ಡಿಸೋಜ, ಲೋಬೊ, ಪಿಂಟೊ ಆದರಂತೂ ಮುಗಿಯಿತು. ಸರಿಯಾದವರು ಯಾರು? ಇಲ್ಲೂ ಅಂಚೇ ಹೇಳಬೇಕು. ಮದುವೆಯಾದಾಗ ಆ ಸುದ್ದಿಯನ್ನು ಜ್ಞಾನಸ್ನಾನದ ಪುಸ್ತಕದಲ್ಲೂ ಬರೆಯಬೇಕು ಅಂತ ರೋಮಿನ ಆದೇಶ 1908ರ ಈಸ್ಟರಿನಿಂದ ಜಾರಿಯಾಯಿತು. ನಿಮ್ಮ ಅಜ್ಜಿ ಹುಟ್ಟಿದ್ದು ಎಂದಾದರೂ ಇರಲಿ, ಮದುವೆ 1931ರಲ್ಲಿ ಆಗಿದ್ದರಿಂದ ಅವರ ಹೆಸರಿನ ಪಕ್ಕ ಅಜ್ಜನ ಹೆಸರು, ಮದುವೆಯ ದಿನ, ಇಗರ್ಜಿ ಇರಬೇಕು. ಕೆಲವು ಕಡೆ ಬರೆಯಲು ಮರೆತಿರುತ್ತಾರೆ, ಅದೂ ನಿಜ.

ಹೆಸರು ಹುಡುಕುವಾಗ ಮನೆಯಲ್ಲಿ ಕರೆಯುವ ಹೆಸರನ್ನೇ ನಂಬಿ ಕೂರಬೇಡಿ. ಪಾದ್ರಿಗಳು ಲ್ಯಾಟಿನ್‌ನಲ್ಲಿ ಬರೆಯುತ್ತಿದ್ದರು. ಮನೆಯ ಜುವಾಂವ್ ಪುಸ್ತಕದಲ್ಲಿ ಜೋವಾನ್ನೆಸ್. ದುಮಿಂಗ್ ಅಲ್ಲಿ ಡೊಮಿನಿಕುಸ್. ಇನಾಸ್ ಇಗ್ನಾಷಿಯುಸ್. ಲುವಿಸ್ ಇದ್ದರೆ ಆಲೋಷಿಯುಸ್, ಲುಡೊವಿಕುಸ್ ಎರಡನ್ನೂ ನೋಡಿ. ಇನ್ನು ತಾರೀಖು: ಮಾರ್ಚಿನಲ್ಲಿ ಮದುವೆ ಆಯಿತಂತೆ ಅಂತ ಯಾರಾದರೂ ಹೇಳಿದರೆ ಸ್ವಲ್ಪ ಅನುಮಾನ ಪಡಿ. ಈಸ್ಟರಿಗೆ ಮುಂಚಿನ ತಪಸ್ಸು ಕಾಲದಲ್ಲಿ ಅದ್ದೂರಿ ಮದುವೆ ಇರುತ್ತಿರಲಿಲ್ಲ. ಅದಕ್ಕೆ ಮುಂಚಿನ ಪುಟಗಳನ್ನೂ ಈಸ್ಟರ್ ಆದ ಮೇಲಿನ ಪುಟಗಳನ್ನೂ ನೋಡಿ.

ಮದುವೆಯ ಸಾಲೇ ಸಿಗದಿದ್ದವರಿಗೆ ಒಂದು ಮಾತು. ಹುಡುಗಿಯ ಫಿರ್ಗಜಿನಲ್ಲೇ ಮದುವೆ ಆಗಬೇಕು ಅನ್ನುವುದು ಚರ್ಚ್ ಕಾನೂನಿನ ವಾಡಿಕೆ, ಆದರೆ ಕಾರಣ ಇದ್ದರೆ ಹುಡುಗನ ಕಡೆಯೂ ಆಗಬಹುದಿತ್ತು. ಎರಡೂ ಕಡೆ ನೋಡಿ. ಈಗಿರುವ ಇಗರ್ಜಿ ಆಗ ಇತ್ತಾ ಅಂತಲೂ ಕೇಳಿಕೊಳ್ಳಿ. ದೊಡ್ಡ ಫಿರ್ಗಜ್ ಒಡೆದು ಹೊಸದು ಆದಾಗ ಹಳೇ ಪುಸ್ತಕ ಸಾಮಾನ್ಯವಾಗಿ ತಾಯಿ ಇಗರ್ಜಿಯಲ್ಲೇ ಉಳಿಯುತ್ತದೆ. ಉಡುಪಿ ಕಡೆಯವರು ಪತ್ರ ಬರೆಯುವುದಾದರೆ ಮಂಗಳೂರಿಗಲ್ಲ, ಉಡುಪಿ ಧರ್ಮಪ್ರಾಂತ್ಯಕ್ಕೆ (ಅಲ್ಲಿನ ಬಿಷಪ್ಪರ ಕಚೇರಿಗೆ) ಬರೆಯಬೇಕು, 2012ರಲ್ಲಿ ಅದು ಬೇರೆಯಾಯಿತು. ಇನ್ನೂ ಹಿಂದಕ್ಕೆ ಹೋಗುವ ಆಸೆ ಇದ್ದರೆ 1784 ಒಂದು ಗೋಡೆ ಅಂದುಕೊಳ್ಳಿ. ಟಿಪ್ಪು ಕೆನರಾದ ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಒಯ್ದಾಗ ಇಗರ್ಜಿಗಳೂ ನೆಲಸಮವಾದವು. ಉಳಿದವರು ವಾಪಸು ಬಂದದ್ದು 1799ರ ನಂತರ. ಅದಕ್ಕಿಂತ ಹಳೇ ಪುಸ್ತಕ ಸಿಗುವುದು ಅಪರೂಪ.

ಕೆಳಗೆ ಕೆಜಿಎಫ್‌ನ ಆಂಗ್ಲೋ-ಇಂಡಿಯನ್ ಕುಟುಂಬದ ಬಗ್ಗೆ ಇನ್ನೊಬ್ಬರು ಕೇಳಿದ್ದಾರೆ. ಅವರ ದಾರಿ ಬೇರೆ, ಸುಲಭವೂ ಹೌದು. ಮದ್ರಾಸ್ ಪ್ರಾಂತ್ಯದ ಚರ್ಚುಗಳಿಂದ ಹೋದ ಮದುವೆಯ ನಕಲುಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ, ಫೈಂಡ್‌ಮೈಪಾಸ್ಟ್ ಅನ್ನುವ ವೆಬ್‌ಸೈಟಿನಲ್ಲಿ ದುಡ್ಡು ಕೊಟ್ಟು ನೋಡಬಹುದು. ಬೆಂಗಳೂರು ಕಂಟೋನ್‌ಮೆಂಟಿನ ಮದುವೆಗಳನ್ನೂ ಅದರಲ್ಲೇ ಹುಡುಕಿ. ಒಂದು ತೊಂದರೆ: 1872ರ ಕ್ರಿಶ್ಚಿಯನ್ ಮದುವೆ ಕಾಯ್ದೆಯ ಫಾರ್ಮಿನಲ್ಲಿ ತಂದೆಯ ಹೆಸರಿಗಷ್ಟೇ ಕಾಲಂ ಇತ್ತು. ತಾಯಿಯ ಹೆಸರಿಗೆ ಜ್ಞಾನಸ್ನಾನದ ದಾಖಲೆಯನ್ನೇ ನೋಡಬೇಕು.

ಆಫೀಸಿಗೆ ಹೋಗುವ ಬಗ್ಗೆ: ಭಾನುವಾರ ಹೋಗಬೇಡಿ, ಯಾರಿಗೂ ಪುರುಸೊತ್ತು ಇರುವುದಿಲ್ಲ. ಮೊದಲೇ ಫೋನ್ ಮಾಡಿ. ನಿಮ್ಮ ಈಗಿನ ಪಾದ್ರಿಯಿಂದ ಒಂದು ಪತ್ರ ತೆಗೆದುಕೊಂಡು ಹೋದರೆ ಕೆಲಸ ಬೇಗ ಆಗುತ್ತದೆ. ಇಸವಿ ಅಂದಾಜು ಹೇಳಿ, ‘ಎಲ್ಲಾ ಪುಸ್ತಕ ತೋರಿಸಿ’ ಅಂದರೆ ಯಾರೂ ತೋರಿಸುವುದಿಲ್ಲ. ಪೆನ್ನು ಬ್ಯಾಗಿನಲ್ಲೇ ಇರಲಿ, ಪೆನ್ಸಿಲ್ ಸಾಕು. ಹಾಳೆಗಳು ಹಪ್ಪಳದ ಹಾಗೆ ಮುರಿಯುತ್ತವೆ, ಒತ್ತಿ ಬಿಡಿಸಬೇಡಿ. ಫೋಟೊಗೆ ಒಪ್ಪಿದರೆ ನಿಮ್ಮ ಸಾಲು ಮಾತ್ರ ಅಲ್ಲ, ಕಾಲಂಗಳ ತಲೆಬರಹ ಸೇರಿಸಿ ಇಡೀ ಪುಟ ತೆಗೆಯಿರಿ. ಇಲ್ಲದಿದ್ದರೆ ಮನೆಗೆ ಬಂದ ಮೇಲೆ ಯಾವ ಹೆಸರು ತಂದೆಯದು, ಯಾವುದು ಸಾಕ್ಷಿಯದು ಅಂತ ತಲೆ ಕೆಡುತ್ತದೆ. ಡೊ ಅಂತ ಇದ್ದರೂ ಆಗ ಮೇಲೆ ನೋಡಬಹುದು.

ಓದಲು ಆಗದಿದ್ದರೆ ಇಲ್ಲಿ ಹಾಕಿ, ಒಟ್ಟಿಗೆ ಓದೋಣ. ಅಕ್ಕಪಕ್ಕದ ಸಾಲಿನ ಹೆಸರುಗಳನ್ನು ಮಾತ್ರ ಮುಚ್ಚಿ ಹಾಕಿ.