ಅಮಾವಾಸ್ಯೆಗೇ ಯಾಕೆ ಕಡಲಿಗೆ?

ಪ್ರಶ್ನೆ: ಜೀವಶಾಸ್ತ್ರದ ಮೇಷ್ಟ್ರು ನಮ್ಮ ಕ್ಲಾಸನ್ನು ಅಮಾವಾಸ್ಯೆ ದಿನವೇ ಗೋಕರ್ಣದ ಓಂ ಬೀಚಿಗೆ ಕರೆದೊಯ್ಯುತ್ತಾರಂತೆ. ಅಜ್ಜಿ ಬೇಡ ಅಂತಾರೆ. ಏನು ಮಾಡಲಿ?
– ಬಿ.ಎಸ್ಸಿ. ವಿದ್ಯಾರ್ಥಿನಿ, ಸಾಗರ

ಉತ್ತರ: ಇಬ್ಬರೂ ಸರಿಯೇ ಮಾರಾಯ್ತಿ! ಅಮಾವಾಸ್ಯೆ, ಹುಣ್ಣಿಮೆ ಹೊತ್ತಿಗೆ ಉಬ್ಬರ ಜಾಸ್ತಿ. ಅಜ್ಜಿಯ ಭಯ ಅದು. ಆದರೆ ಇಳಿತವೂ ಆಗಲೇ ಜಾಸ್ತಿ, ಬೇರೆ ದಿನ ಮುಳುಗಿರುವ ಬಂಡೆಗಳೂ ಕಾಣುತ್ತವೆ. ಅವುಗಳ ಗುಂಡಿಗಳಲ್ಲಿ ನಿಂತ ನೀರು ನೋಡು. ಶಂಖವೊಂದು ಸರಸರ ಓಡಿದರೆ ಒಳಗಿರುವುದು ಹರ್ಮಿಟ್ ಏಡಿ, ಖಾಲಿ ಶಂಖವನ್ನೇ ಮನೆ ಮಾಡಿಕೊಳ್ಳುವ ಏಡಿ. ನೀರಿಲ್ಲದ ಕಡೆ ಸೀ ಅನಿಮೋನ್ (ಹೂವಿನಂತೆ ಕಾಣುವ ಕಡಲ ಪ್ರಾಣಿ) ಮುದುಡಿ ಅಂಟಿನ ಮುದ್ದೆಯಂತಿರುತ್ತದೆ. ಸುಮ್ನೆ ಚುಚ್ಚಬೇಡ. ಪಾಚಿ ಬಂಡೆ ವಿಪರೀತ ಜಾರುತ್ತದೆ, ಹವಾಯಿ ಚಪ್ಪಲಿ ಬೇಡ. ಇಳಿತದಿಂದ ಉಬ್ಬರಕ್ಕೆ ಸುಮಾರು 6 ಗಂಟೆ. ನೀರು ಏರತೊಡಗಿದ ಕೂಡಲೇ ದಡಕ್ಕೆ ಬಾ. ಖಾಲಿ ಶಂಖ ಚೀಲಕ್ಕೆ ತುಂಬಬೇಡ, ಏಡಿಗಳಿಗೆ ಮನೆ ಬೇಕಲ್ವಾ?