ಗೊತ್ತಿರುವ ಉತ್ತರವೇ ಸಂದರ್ಶನದಲ್ಲಿ ಬಾಯಿಗೆ ಬರುವುದಿಲ್ಲ, ಏಕೆ?

ಪ್ರಶ್ನೆ: ನನಗೆ 29 ವರ್ಷ. ಐದು ವರ್ಷಗಳಿಂದ ಸಣ್ಣ ಸಂಸ್ಥೆಯೊಂದರ ಲೆಕ್ಕಪತ್ರ ವಿಭಾಗದಲ್ಲಿದ್ದೇನೆ. ಕೆಲಸದಲ್ಲಿ ಒಳ್ಳೆಯ ಹೆಸರಿದೆ. ಬೇರೆ ಕಡೆ ಸೇರಬೇಕೆಂದು ಈ ಒಂದು ವರ್ಷದಲ್ಲಿ ಏಳು ಸಂದರ್ಶನಗಳಿಗೆ ಹೋದೆ, ಒಂದೂ ಕೈಗೂಡಲಿಲ್ಲ. ಕುರ್ಚಿಯಲ್ಲಿ ಕುಳಿತ ಕೂಡಲೇ ಎದೆ ಹೊಡೆದುಕೊಳ್ಳುತ್ತದೆ, ನಾಲಿಗೆ ಒಣಗುತ್ತದೆ. ಉತ್ತರಗಳನ್ನೆಲ್ಲ ಬರೆದು ಬಾಯಿಪಾಠ ಮಾಡಿಕೊಂಡು ಹೋಗಿರುತ್ತೇನೆ. ಎರಡನೆಯ ವಾಕ್ಯಕ್ಕೆ ಬರುವಷ್ಟರಲ್ಲಿ ಎಲ್ಲವೂ ಮರೆತುಹೋಗಿರುತ್ತದೆ. ಕಳೆದ ಬಾರಿ ‘ಬ್ಯಾಂಕ್ ಸ್ಟೇಟ್‌ಮೆಂಟಿಗೂ ನಿಮ್ಮ ಪುಸ್ತಕಕ್ಕೂ ವ್ಯತ್ಯಾಸ ಬಂದರೆ ಏನು ಮಾಡುತ್ತೀರಿ’ ಎಂದು ಕೇಳಿದರು. ಪ್ರತಿ ತಿಂಗಳೂ ನಾನೇ ಮಾಡುವ ಕೆಲಸ ಅದು. ಆದರೂ ‘ಪರಿಶೀಲಿಸುತ್ತೇನೆ’ ಎಂಬುದರ ಆಚೆಗೆ ಮಾತೇ ಹೊರಡಲಿಲ್ಲ. ಮನೆಗೆ ಬಂದ ಮೇಲೆ ಪೂರ್ತಿ ಉತ್ತರ ನೆನಪಾಗಿ ಅತ್ತುಬಿಟ್ಟೆ. ನನ್ನಲ್ಲೇ ಏನೋ ಕೊರತೆ ಇದೆಯೇ? ನಡುಕ ನಿಲ್ಲಿಸುವ ಮಾತ್ರೆ ಇದೆಯೆಂದು ಗೆಳತಿ ಹೇಳುತ್ತಾಳೆ. ತೆಗೆದುಕೊಳ್ಳಬಹುದೇ?

ಉತ್ತರ: ಮನೆಗೆ ಬಂದ ಮೇಲೆ ಪೂರ್ತಿ ಉತ್ತರ ನೆನಪಾಯಿತು ಎಂದು ಬರೆದಿದ್ದೀರಲ್ಲ, ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ಅಲ್ಲಿಯೇ. ಅಂದರೆ ತಿಳಿವಳಿಕೆ ನಿಮ್ಮಲ್ಲಿ ಇದ್ದೇ ಇದೆ. ಬೇಕಾದ ಗಳಿಗೆಯಲ್ಲಿ ಅದು ಕೈಗೆ ಸಿಗುತ್ತಿಲ್ಲ, ಅಷ್ಟೆ. ಇದನ್ನು ಕೊರತೆ ಎನ್ನಲು ನನಗೆ ಮನಸ್ಸು ಒಪ್ಪುವುದಿಲ್ಲ.

ನೀವು ಪುಕ್ಕಲು ಸ್ವಭಾವದವರು ಎಂದುಕೊಳ್ಳುವ ಮುನ್ನ ಒಂದು ವಿಷಯ ಕೇಳಿ. ಒತ್ತಡಕ್ಕೆ ದೇಹ ಹೇಗೆ ಸ್ಪಂದಿಸುತ್ತದೆ ಎಂದು ಅಭ್ಯಸಿಸುವವರಿಗೆ, ಆರೋಗ್ಯವಂತರಲ್ಲೂ ಒತ್ತಡ ಹುಟ್ಟಿಸುವ ಖಚಿತ ವಿಧಾನವೊಂದು ಬೇಕಾಗಿತ್ತು. 1993ರಲ್ಲಿ ಜರ್ಮನಿಯ ಟ್ರಿಯರ್ ವಿಶ್ವವಿದ್ಯಾಲಯದ ಸಂಶೋಧಕರು ಅಂಥದೊಂದನ್ನು ಪ್ರಕಟಿಸಿದರು. ಇಂದಿಗೂ ಹಲವು ದೇಶಗಳ ಪ್ರಯೋಗಾಲಯಗಳಲ್ಲಿ ಅದೇ ಬಳಕೆಯಲ್ಲಿದೆ. ಅದರಲ್ಲಿ ಮಾಡಿಸುವುದು ಏನು ಗೊತ್ತೇ? ಅಣಕು ಉದ್ಯೋಗ ಸಂದರ್ಶನ! ಮುಖದಲ್ಲಿ ಯಾವ ಭಾವವನ್ನೂ ತೋರಿಸದ ಸಮಿತಿಯ ಮುಂದೆ ನಿಂತು, ಈ ಹುದ್ದೆಗೆ ತಾನು ಏಕೆ ತಕ್ಕ ವ್ಯಕ್ತಿ ಎಂದು ಐದು ನಿಮಿಷ ಮಾತನಾಡಬೇಕು. ಆಮೇಲೆ 1,022ರಿಂದ ಹದಿಮೂರು ಹದಿಮೂರಾಗಿ ಕಳೆಯುತ್ತ ಗಟ್ಟಿಯಾಗಿ ಹೇಳಬೇಕು. ತಪ್ಪಿದರೆ ಮತ್ತೆ ಮೊದಲಿನಿಂದ. ಪಾಲ್ಗೊಂಡವರಲ್ಲಿ ಹೆಚ್ಚಿನವರ ನಾಡಿಬಡಿತ ಏರುತ್ತದೆ, ಕಾರ್ಟಿಸಾಲ್ ಹಾರ್ಮೋನು ಏರುತ್ತದೆ. ಒತ್ತಡ ಬೇಕೆಂದವರು ಹುಡುಕಿ ಹುಡುಕಿ ಆರಿಸಿಕೊಂಡ ಸನ್ನಿವೇಶವೇ ನಿಮ್ಮನ್ನು ನಡುಗಿಸುತ್ತಿದೆ. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಇನ್ನು ಮರೆವಿನ ಮಾತು. ಮಾತನಾಡುವಾಗ ‘ಏನು ಹೇಳಿದೆ, ಮುಂದೇನು ಹೇಳಬೇಕು’ ಎಂಬುದನ್ನು ಮನಸ್ಸು ಆ ಕ್ಷಣಕ್ಕೆ ಹಿಡಿದಿಟ್ಟುಕೊಳ್ಳುವ ಜಾಗ ಬಹಳ ಚಿಕ್ಕದು. ಆತಂಕ ಹೆಚ್ಚಾದಾಗ ಆ ಜಾಗಕ್ಕೆ ಬೇರೆಯೇ ಪ್ರಶ್ನೆಗಳು ನುಗ್ಗುತ್ತವೆ. ಕೈ ನಡುಗುತ್ತಿದೆಯೇ? ಅವರು ನೋಡಿಬಿಟ್ಟರೇ? ಧ್ವನಿ ಒಡೆಯಿತೇ? ಕಣ್ಣು ಎದುರಿನವರ ಮೇಲಿದ್ದರೂ ಗಮನವೆಲ್ಲ ನಿಮ್ಮ ಮೇಲೆಯೇ. ಇಂಥ ಹೊತ್ತಿನಲ್ಲಿ ಬಾಯಿಪಾಠ ನಿಮಗೆ ಶತ್ರು. ಬಾಯಿಪಾಠ ಮಾಡಿದ ಮಾತು ಪೋಣಿಸಿದ ಮಣಿಗಳಂತೆ. ದಾರ ಒಂದು ಕಡೆ ಕಡಿದರೆ ಸಾಕು, ಎಲ್ಲವೂ ಚೆಲ್ಲಿಹೋಗುತ್ತವೆ. ಎರಡನೆಯ ವಾಕ್ಯಕ್ಕೇ ಎಲ್ಲ ಮರೆಯುವುದು ಈ ಕಾರಣಕ್ಕೆ. ಉತ್ತರಗಳನ್ನು ಬರೆದಿಟ್ಟ ಆ ಪುಸ್ತಕವನ್ನು ದಯವಿಟ್ಟು ಬದಿಗಿಡಿ.

ಅದರ ಬದಲು ಏನು ಮಾಡಬೇಕು? ನೀವು ತಡವರಿಸಿದ ಪ್ರಶ್ನೆಯನ್ನೇ ತೆಗೆದುಕೊಳ್ಳೋಣ. ‘ವ್ಯತ್ಯಾಸ ಬಂದರೆ ಏನು ಮಾಡುತ್ತೀರಿ’ ಎಂದಾಗ ನೀವು ಮನಸ್ಸಿನಲ್ಲಿ ಸರಿಯಾದ ವಾಕ್ಯ ಹುಡುಕಲು ಹೊರಟಿರಿ. ವಾಕ್ಯ ಹುಡುಕಬೇಡಿ, ಕಳೆದ ತಿಂಗಳ ಕೊನೆಯ ದಿನ ನಿಮ್ಮ ಮೇಜಿನ ಮುಂದೆ ಕುಳಿತದ್ದನ್ನು ಕಣ್ಣಮುಂದೆ ತಂದುಕೊಳ್ಳಿ. ಎಡಕ್ಕೆ ಸ್ಟೇಟ್‌ಮೆಂಟ್, ಬಲಕ್ಕೆ ಪುಸ್ತಕ. ಮೊದಲು ಎರಡೂ ಕಡೆ ಹೊಂದುವ ಮೊತ್ತಗಳಿಗೆ ಗುರುತು ಹಾಕಿದಿರಿ. ಉಳಿದವುಗಳಲ್ಲಿ ನೀವು ಕೊಟ್ಟು ಇನ್ನೂ ನಗದಾಗದ ಚೆಕ್ಕುಗಳು ಯಾವುವು ಎಂದು ನೋಡಿದಿರಿ. ಬ್ಯಾಂಕಿನವರು ಹಿಡಿದುಕೊಂಡ ಶುಲ್ಕ ನಿಮ್ಮ ಪುಸ್ತಕಕ್ಕೆ ಏರಿದೆಯೇ ಎಂದು ನೋಡಿದಿರಿ. ಆಗಲೂ ತಾಳೆಯಾಗದಿದ್ದರೆ, ವ್ಯತ್ಯಾಸ ಒಂಬತ್ತರಿಂದ ಭಾಗವಾಗುತ್ತದೆಯೇ ಎಂದು ನೋಡಿರಲೂಬಹುದು. 54 ಎಂದು ಬರೆಯುವಲ್ಲಿ 45 ಎಂದು ಅಂಕಿ ಅದಲುಬದಲಾದರೆ ಹಾಗಾಗುತ್ತದೆ. ನೋಡಿದ್ದನ್ನು ನೋಡಿದ ಹಾಗೆ ಹೇಳುತ್ತ ಹೋಗಿ. ‘ಕಳೆದ ತಿಂಗಳು ಹೀಗೆಯೇ ಆಗಿತ್ತು, ಮೊದಲು ನಾನು...’ ಎಂದು ಶುರುವಾದರೆ ಒಂದು ಕೆಲಸ ಮುಂದಿನ ಕೆಲಸವನ್ನು ತಾನೇ ಕರೆತರುತ್ತದೆ. ಒಂದು ಪದ ತಪ್ಪಿದರೂ ಮಾತು ನಿಲ್ಲುವುದಿಲ್ಲ.

ಹೀಗೆ ನಿಮ್ಮ ಐದು ವರ್ಷಗಳ ಕೆಲಸದಿಂದ ಏಳೆಂಟು ಪ್ರಸಂಗಗಳನ್ನು ಆರಿಸಿಕೊಳ್ಳಿ. ನೀವೇ ಹಿಡಿದ ಒಂದು ತಪ್ಪು, ನೀವೇ ಮಾಡಿ ತಿದ್ದಿಕೊಂಡ ಒಂದು ತಪ್ಪು, ಸಮಯ ಸಾಲದೆ ಒದ್ದಾಡಿದ ಒಂದು ವಾರ, ಸಹೋದ್ಯೋಗಿಯೊಡನೆ ಬಂದ ಒಂದು ಭಿನ್ನಾಭಿಪ್ರಾಯ. ಪ್ರತಿಯೊಂದಕ್ಕೂ ನಾಲ್ಕು ಪದಗಳ ಗುರುತು ಸಾಕು, ವಾಕ್ಯ ಬೇಡ. ಕೇಳುವ ಪ್ರಶ್ನೆಗಳಲ್ಲಿ ಬಹಳಷ್ಟಕ್ಕೆ ಇವುಗಳಲ್ಲೇ ಯಾವುದಾದರೊಂದು ಒದಗುತ್ತದೆ.

ಅಭ್ಯಾಸವನ್ನು ಮಾತ್ರ ಬಾಯಿಬಿಟ್ಟು ಮಾಡಬೇಕು. ಮನಸ್ಸಿನಲ್ಲೇ ಓದಿಕೊಂಡು ಹೋಗುವುದು ದಡದಲ್ಲಿ ಕುಳಿತು ಈಜು ಕಲಿತ ಹಾಗೆ. ಮೊದಲು ಒಬ್ಬರೇ ಗಟ್ಟಿಯಾಗಿ ಹೇಳಿ. ಅನಂತರ ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಳ್ಳಿ. ಕೇಳಲು ಸಂಕೋಚವಾಗುತ್ತದೆ, ಆದರೂ ಕೇಳಿ. ಆಮೇಲೆ ಗೆಳತಿಯನ್ನು ಎದುರಿಗೆ ಕೂರಿಸಿಕೊಂಡು, ನಗಬಾರದು, ತಲೆ ಆಡಿಸಬಾರದು, ನಡುವೆ ಅಡ್ಡ ಪ್ರಶ್ನೆ ಹಾಕಬೇಕು ಎಂದು ಹೇಳಿ. ಕೊನೆಗೆ ನಿಮಗೆ ಅಷ್ಟಾಗಿ ಪರಿಚಯವಿಲ್ಲದವರ ಮುಂದೆ. ಪ್ರತಿ ಹಂತದಲ್ಲೂ ಅಳುಕು ಬರುತ್ತದೆ, ಬರಲಿ. ಅಳುಕು ಇದ್ದಾಗಲೂ ಮಾತು ಹೊರಡುತ್ತದೆ ಎಂಬುದನ್ನು ನಿಮ್ಮ ದೇಹ ಒಂದೆರಡು ಬಾರಿ ಕಂಡುಕೊಳ್ಳಬೇಕು. ಹತ್ತು ಜನರ ಧೈರ್ಯದ ಮಾತಿನಿಂದ ಆಗದ್ದು ಇದರಿಂದ ಆಗುತ್ತದೆ.

ನಡುಕ ಎಲ್ಲರಿಗೂ ಕಾಣುತ್ತಿದೆ ಎಂಬ ಭಯವಿದೆಯಲ್ಲ, ಅದು ಬಹುಮಟ್ಟಿಗೆ ಭ್ರಮೆ. ಒಳಗೆ ಇರುವುದು ಹೊರಗೆ ಎಷ್ಟು ಕಾಣುತ್ತದೆ ಎಂಬ ನಮ್ಮ ಅಂದಾಜು ಸಾಮಾನ್ಯವಾಗಿ ಹೆಚ್ಚಾಗಿರುತ್ತದೆ ಎಂದು ಅಮೆರಿಕದ ಮನೋವಿಜ್ಞಾನಿಗಳಾದ ಗಿಲೋವಿಚ್, ಸಾವಿಟ್‌ಸ್ಕಿ ಮತ್ತು ಮೆಡ್ವೆಕ್ 1998ರಲ್ಲಿ ತೋರಿಸಿಕೊಟ್ಟರು. 2003ರ ಇನ್ನೊಂದು ಅಧ್ಯಯನದಲ್ಲಿ, ಈ ವಿಷಯವನ್ನು ಭಾಷಣಕ್ಕೆ ಮೊದಲೇ ತಿಳಿಸಿದವರು, ತಿಳಿಸದವರಿಗಿಂತ ಚೆನ್ನಾಗಿ ಮಾತನಾಡಿದರು. ಆಯ್ಕೆ ಸಮಿತಿಯಲ್ಲಿ ಕುಳಿತಾಗ ನನ್ನ ಅನುಭವವೂ ಇದೇ. ಅಭ್ಯರ್ಥಿ ಆಮೇಲೆ ‘ಕೈ ನಡುಗುತ್ತಿತ್ತು ಮೇಡಂ’ ಎಂದಾಗಲೇ ನನಗೆ ಗೊತ್ತಾದದ್ದುಂಟು.

ಒಳಗೆ ಹೋಗುವ ಮುನ್ನ ಎರಡು ನಿಮಿಷ ಉಸಿರನ್ನು ನಿಧಾನ ಮಾಡಿ, ಒಳಗೆಳೆದುಕೊಂಡದ್ದಕ್ಕಿಂತ ಹೆಚ್ಚು ಹೊತ್ತು ಹೊರಬಿಡಿ. ಹೃದಯದ ಓಟ ತುಸು ತಗ್ಗುತ್ತದೆ. ಪ್ರಶ್ನೆ ಬಂದ ಮೇಲೆ ‘ಒಂದು ಕ್ಷಣ ಯೋಚಿಸಿ ಹೇಳುತ್ತೇನೆ’ ಎಂದು ಸುಮ್ಮನಿರುವುದಕ್ಕೆ ನಿಮಗೆ ಹಕ್ಕಿದೆ. ನಿಮಗೆ ಯುಗವೆನಿಸುವ ಆ ಐದು ಸೆಕೆಂಡು ಎದುರಿಗಿರುವವರಿಗೆ ವಿವೇಚನೆಯಂತೆ ಕಾಣುತ್ತದೆ.

ಮಾತ್ರೆಯ ವಿಚಾರ. ನಿಮ್ಮ ಗೆಳತಿ ಹೇಳುತ್ತಿರುವುದು ಬಹುಶಃ ಪ್ರೊಪ್ರನಲಾಲ್ ಇರಬೇಕು. ಅಡ್ರಿನಲಿನ್‌ನ ಪರಿಣಾಮವನ್ನು ತಡೆದು ಎದೆಬಡಿತ, ನಡುಕ ಇಳಿಸುತ್ತದೆ, ನಿಜ. ಆದರೆ ಅಸ್ತಮಾ ಇರುವವರಿಗೆ ಅದು ಪ್ರಾಣಕ್ಕೇ ಅಪಾಯ ತರಬಲ್ಲದು. ನಾಡಿಬಡಿತ ಅಥವಾ ರಕ್ತದೊತ್ತಡ ಮೊದಲೇ ಕಡಿಮೆ ಇರುವವರಿಗೂ ಸಲ್ಲದು. ವೈದ್ಯರು ಪರೀಕ್ಷಿಸಿ ಬರೆದುಕೊಡದೆ, ಇನ್ನೊಬ್ಬರ ಪೊಟ್ಟಣದಿಂದ ಒಂದು ಮಾತ್ರೆಯನ್ನೂ ತೆಗೆದುಕೊಳ್ಳಬೇಡಿ. ಕೈ ನಡುಗದಂತೆ ಅದು ಮಾಡಬಹುದು, ಮಾತನ್ನು ತಂದುಕೊಡಲಾರದು.

ಸಂದರ್ಶನದಲ್ಲಷ್ಟೇ ಅಲ್ಲದೆ ಸಭೆಯಲ್ಲಿ ಮಾತನಾಡಲು, ಫೋನ್ ಎತ್ತಲು, ನಾಲ್ವರ ಎದುರು ಊಟ ಮಾಡಲು ಸಹ ಹೀಗೆಯೇ ಆಗುತ್ತಿದ್ದು, ಆರು ತಿಂಗಳಿಗೂ ಮೀರಿ ಅವುಗಳಿಂದ ತಪ್ಪಿಸಿಕೊಂಡು ತಿರುಗುತ್ತಿದ್ದರೆ, ಮನೋವೈದ್ಯರನ್ನೋ ಮನಶ್ಶಾಸ್ತ್ರಜ್ಞರನ್ನೋ ಕಾಣಿ. ಅದಕ್ಕೆ ಸಾಮಾಜಿಕ ಆತಂಕ ಎಂಬ ಹೆಸರಿದೆ, ಒಳ್ಳೆಯ ಚಿಕಿತ್ಸೆಯೂ ಇದೆ. ನಿಮ್ಮ ಪತ್ರ ಓದಿದರೆ ನಿಮ್ಮದು ಅಷ್ಟು ದೂರ ಹೋದಂತೆ ಕಾಣುವುದಿಲ್ಲ.

ಸಂದರ್ಶನ ಮಾಡುವ ಕುರ್ಚಿಯಲ್ಲಿ ಕೂರುವವರಿಗೂ ಒಂದು ಮಾತು. ಅಭ್ಯರ್ಥಿ ಒಳಗೆ ಬಂದ ಮೊದಲ ಎರಡು ನಿಮಿಷ ಸುಲಭದ ಪ್ರಶ್ನೆ ಕೇಳಿ, ಒಂದು ಲೋಟ ನೀರು ಕೊಡಿ. ನೀವು ಕಲ್ಲಿನಂತೆ ಕುಳಿತರೆ ನಿಮಗೆ ಸಿಗುವುದು ಆ ವ್ಯಕ್ತಿಯ ಭಯದ ಅಳತೆ, ಕೆಲಸದ ಅಳತೆ ಸಿಗುವುದಿಲ್ಲ.

ಇನ್ನು ಸೋತ ಏಳು ಸಂದರ್ಶನಗಳು. ಅವುಗಳಲ್ಲಿ ಕೇಳಿದ ಪ್ರಶ್ನೆಗಳನ್ನೆಲ್ಲ ನೆನಪಿರುವಷ್ಟು ಬರೆದಿಡಿ, ಉತ್ತರ ಬರೆಯಬೇಡಿ. ಮುಂದೆ ಹೋದಾಗಲೂ ಅಂದು ಸಂಜೆಯೇ ಹೀಗೆ ಮಾಡಿ. ಅಭ್ಯಾಸಕ್ಕೆ ಮೊದಲ ಪ್ರಶ್ನೆ ಬ್ಯಾಂಕ್ ವ್ಯತ್ಯಾಸದ್ದೇ ಆಗಲಿ. ಇಂದು ರಾತ್ರಿ ಕೋಣೆಯ ಬಾಗಿಲು ಹಾಕಿಕೊಂಡು, ‘ಕಳೆದ ತಿಂಗಳು ಹೀಗೆಯೇ ಆಗಿತ್ತು’ ಎಂದು ಗಟ್ಟಿಯಾಗಿ ಶುರುಮಾಡಿ.